ಹಳಿ ಪಕ್ಕದ ಬ್ರೇಕು ಯಾರ ಪಾಲಿಗೆ?



ನಿವೃತ್ತರೂ ಇನ್ನೂ ನೌಕರಿಯಲ್ಲಿರುವ ಕಿರಿಯರೂ ಸೇರಿರುವ ರೈಲ್ವೆಯವರ ಈ ಸಭೆಯಲ್ಲಿ ನನ್ನನ್ನು ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದ್ದೀರಿ. ಸ್ವಾಗತ ಸಮಿತಿಯವರು ರೈಲ್ವೆಯ ಭವಿಷ್ಯದ ಬಗ್ಗೆ ಮಾತಾಡಿ ಎಂದಿದ್ದರು. ಅದಕ್ಕೆ ಬೇರೆಯವರಿದ್ದಾರೆ. ನಾನು ರಿಟಾರ್ಡರ್, ಅಂದರೆ ವ್ಯಾಗನ್ನಿನ ವೇಗ ತಗ್ಗಿಸಲು ಹಳಿಗೆ ಬಿಗಿಯುವ ಬ್ರೇಕಿನ ಬಗ್ಗೆ ಮಾತಾಡುತ್ತೇನೆ. ನನ್ನನ್ನು ಬಲ್ಲವರು ಆಗಲೇ ನಗುತ್ತಿದ್ದೀರಿ. ನಗಿ, ಪರವಾಗಿಲ್ಲ.

ಹಂಪ್ ಯಾರ್ಡನ್ನು ಕಣ್ಣಾರೆ ಕಾಣದ ಕಿರಿಯರಿಗೆ ಎರಡು ಮಾತು. ಹಂಪ್ ಎಂದರೆ ಯಾರ್ಡಿನ ತಲೆಯಲ್ಲಿ ಎತ್ತರಿಸಿದ ದಿಬ್ಬ. ಎಂಜಿನ್ ಹಿಂದಿನಿಂದ ರೇಕನ್ನು, ಅಂದರೆ ವ್ಯಾಗನ್ನುಗಳ ಸಾಲನ್ನು ತಳ್ಳುತ್ತದೆ, ನೆತ್ತಿಯಲ್ಲಿ ಕಪ್ಲಿಂಗ್ ಬಿಚ್ಚುತ್ತಾರೆ, ಆಮೇಲೆ ವ್ಯಾಗನ್ ತಾನಾಗಿ ಉರುಳಿ ತನ್ನ ಲೈನು ಸೇರುತ್ತದೆ. ಲೆಕ್ಕ ಹಾಕಿ ನೋಡಿ. 81 ಟನ್ನಿನ ಲೋಡಾದ ವ್ಯಾಗನ್ 3 ಮೀಟರ್ ಇಳಿದರೆ, ತಿಕ್ಕಾಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗಂಟೆಗೆ 27 ಕಿ.ಮೀ. ದಾಟುತ್ತದೆ. ಕೆಳಗೆ ನಿಂತಿರುವ ವ್ಯಾಗನ್ನಿಗೆ ತಾಗುವ ಹೊತ್ತಿಗೆ ಅದು 5 ಕಿ.ಮೀ. ಆಸುಪಾಸಿಗೆ ಬಂದಿರಬೇಕು. ಇಲ್ಲದಿದ್ದರೆ ಕಪ್ಲರ್ ಮುರಿಯುತ್ತದೆ, ಸರಕು ಚೆಲ್ಲುತ್ತದೆ. ಅಂದರೆ ಅದರ ಶಕ್ತಿಯಲ್ಲಿ ಮೂವತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಬೇಕು. ಉಳಿದ ಇಪ್ಪತ್ತೊಂಬತ್ತು ಪಾಲನ್ನು ಯಾರೋ ಹೀರಿಕೊಳ್ಳಬೇಕು.

ಅಮೆರಿಕದಲ್ಲಿ ಮೊದಲು ವ್ಯಾಗನ್ ಮೇಲೆ ಹತ್ತಿ ಕೂತ ಆಳು ಬ್ರೇಕಿನ ಚಕ್ರ ತಿರುಗಿಸುತ್ತಿದ್ದ. 1924ರಲ್ಲಿ ಇಂಡಿಯಾನಾ ರಾಜ್ಯದ ಗಿಬ್ಸನ್ ಯಾರ್ಡಿನಲ್ಲಿ, ಇಂಡಿಯಾನಾ ಹಾರ್ಬರ್ ಬೆಲ್ಟ್ ರೈಲ್ವೆಯ ಜಾರ್ಜ್ ಹ್ಯಾನಾವರ್ ಅವರ ಮುಂದಾಳತ್ವದಲ್ಲಿ, ಆ ಕೆಲಸವನ್ನು ಹಳಿಗೇ ಒಪ್ಪಿಸಿದರು. ಅದೇ ರಿಟಾರ್ಡರ್: ಹಳಿಯ ಎರಡೂ ಮಗ್ಗುಲಿಗೆ ಉದ್ದನೆಯ ಉಕ್ಕಿನ ತೊಲೆಗಳು. ವ್ಯಾಗನ್ ಬಂದಾಗ ಗಾಲಿಯನ್ನು ಒಳಗಿನಿಂದಲೂ ಹೊರಗಿನಿಂದಲೂ ಅದುಮಿ ಹಿಡಿಯುತ್ತವೆ. ಮೇಲೆ ಟವರಿನಲ್ಲಿ ಕೂತವನು ಲಿವರ್ ಎಳೆದರೆ ಸಾಕು. ಆಮೇಲೆ ರಾಡಾರ್ ಬಂತು, ಕಂಪ್ಯೂಟರ್ ಬಂತು, ಲಿವರ್ ಎಳೆಯುವವನೂ ಬೇಡವಾದ. ಗಾಲಿ ಕಿರುಚುವ ಸದ್ದು ಮಾತ್ರ ಉಳಿಯಿತು. ಪಕ್ಕದ ಜಮೀನಿನ ಗಡಿಯಲ್ಲಿ ಆ ಸದ್ದು 83 ಡೆಸಿಬಲ್ ಮೀರಬಾರದೆಂದು ಅಲ್ಲಿ ನಿಯಮ ಮಾಡಬೇಕಾಯಿತು. ನಮ್ಮಲ್ಲೂ ಮೊಘಲ್‌ಸರಾಯ್‌ನಂಥ ಕೆಲವು ದೊಡ್ಡ ಯಾರ್ಡುಗಳಿಗೆ ರಿಟಾರ್ಡರ್ ಬಂತು. ಉಳಿದ ಕಡೆ ಆ ಇಪ್ಪತ್ತೊಂಬತ್ತು ಪಾಲನ್ನು ಹೀರಿದ್ದು ಮನುಷ್ಯ, ಕೈಯಲ್ಲಿ ಸ್ಕಿಡ್ ಹಿಡಿದು.

ಸ್ಕಿಡ್ ನಿಮಗೆಲ್ಲ ಗೊತ್ತು. ಮುಂದೆ ತೆಳ್ಳನೆಯ ಕಬ್ಬಿಣದ ನಾಲಿಗೆ, ಹಿಂದೆ ಎತ್ತರದ ತಡೆ. ಗಾಲಿ ನಾಲಿಗೆ ಹತ್ತಿದರೆ ಉರುಳುವುದು ನಿಂತು, ಸ್ಕಿಡ್ ಸಮೇತ ಹಳಿಯ ಮೇಲೆ ಉಜ್ಜುತ್ತಾ ಹೋಗಿ ನಿಲ್ಲುತ್ತದೆ. ಅದನ್ನು ಇಡುವವನು ಬರುತ್ತಿರುವ ವ್ಯಾಗನ್ನಿನ ಮುಂದೆ ಬಗ್ಗಬೇಕು. ರಾತ್ರಿ ಪಾಳಿಯಲ್ಲಿ, ಮಳೆಯಲ್ಲಿ, ಒಂದು ಕೈಯಲ್ಲಿ ದೀಪ. ನನಗೆ ಯಾರ್ಡಿನ ಕೆಲಸ ಕಲಿಸಿದ, ಹಳಿಯ ದಾರಿ ಬದಲಿಸುವ ಪಾಯಿಂಟ್ಸ್‌ಮನ್‌ಗೆ ಬಲಗೈಯಲ್ಲಿ ಮೂರೇ ಬೆರಳು. ಬೀಡಿ ಹಚ್ಚುವುದು, ಸಹಿ ಮಾಡುವುದು ಎಲ್ಲ ಎಡಗೈಯಲ್ಲಿ. ಕಾಗದದಲ್ಲಿ ಅದಕ್ಕೆ 'ಸ್ವಂತ ಅಜಾಗರೂಕತೆ' ಎಂದು ಬರೆದಿತ್ತು.

ಆ ಕಾಲ ಮುಗಿಯಿತಲ್ಲ ಎನ್ನುತ್ತೀರಿ. 1980ರ ದಶಕದಲ್ಲಿ ಬಿಡಿ ವ್ಯಾಗನ್ ಸಾಗಣೆ ಬಿಟ್ಟು, ಇಡೀ ಗಾಡಿ ಒಂದೇ ಕಡೆಗೆ ಹೋಗುವ ಬ್ಲಾಕ್ ರೇಕಿಗೆ ಬಂದೆವು, ಹಂಪ್‌ಗಳು ಒಂದೊಂದಾಗಿ ಮುಚ್ಚಿದವು, ರಿಟಾರ್ಡರ್ ಗುಜರಿಗೆ ಹೋಯಿತು. ನನ್ನ ಜಗಳ ಶುರುವಾಗುವುದು ಇಲ್ಲಿಂದಲೇ. ಹಂಪ್ ಹೋದರೂ ಇಳಿಜಾರು ಎಲ್ಲಿಗೂ ಹೋಗಿಲ್ಲ. ಸ್ಟೇಷನ್ ಯಾರ್ಡಿನ ಇಳಿಜಾರು 1200ಕ್ಕೆ 1, ಅಂದರೆ 1200 ಮೀಟರಿಗೆ ಒಂದು ಮೀಟರ್ ಇದ್ದರೆ ಒಳ್ಳೆಯದು, 400ಕ್ಕೆ 1ಕ್ಕಿಂತ ಕಡಿದಾಗಿರಬಾರದು ಎನ್ನುತ್ತದೆ ನಮ್ಮ ರೈಲ್ವೆಯ ನಿಯಮದ ಪುಸ್ತಕ. ಬರಿಗಣ್ಣಿಗೆ ಎರಡೂ ಸಮತಟ್ಟು. ಆದರೆ ಬಾಕ್ಸ್‌ಎನ್ ಮಾದರಿಯ 58 ವ್ಯಾಗನ್ನಿನ ಲೋಡಾದ ರೇಕು 4,700 ಟನ್. 400ಕ್ಕೆ 1ರಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲ ಹನ್ನೊಂದು ಟನ್ನಿಗೂ ಮೇಲು. ಹಿಂದಿನ ಪ್ಲೇನ್ ಬೇರಿಂಗ್ ಆಗಿದ್ದರೆ ತಿಕ್ಕಾಟವೇ ಅದನ್ನು ತಡೆಯುತ್ತಿತ್ತು. ರೋಲರ್ ಬೇರಿಂಗ್ ತಡೆಯುವುದಿಲ್ಲ, ಹೊರಟಿತೆಂದರೆ ಹೊರಟಿತು. ಅದಕ್ಕೆ ನಾವಿಟ್ಟಿರುವ ಕಾವಲು ಏನು? ಹ್ಯಾಂಡ್ ಬ್ರೇಕ್, ಚೈನು, ಬೀಗ, ಮರದ ಬೆಣೆ, ಮತ್ತೆ ಅದೇ ಸ್ಕಿಡ್. ನೂರು ವರ್ಷದ ಹಿಂದೆಯೂ ಇವೇ.

2024ರ ಫೆಬ್ರವರಿ 25ರಂದು ಜಮ್ಮು ಕಡೆಯ ಕಠುವಾದಿಂದ ಜಲ್ಲಿ ತುಂಬಿದ ಗೂಡ್ಸ್ ಒಂದು ಚಾಲಕನಿಲ್ಲದೆ ಹೊರಟು, 70 ಕಿ.ಮೀ.ಗೂ ಹೆಚ್ಚು ಉರುಳಿ ಪಂಜಾಬ್ ಮುಟ್ಟಿತು. ಅದನ್ನು ನಿಲ್ಲಿಸಿದ್ದು ಹಳಿಯ ಮೇಲೆ ಮರದ ದಿಮ್ಮಿ ಇಟ್ಟು! ದೇವರ ದಯೆ, ಎದುರಿಗೆ ಯಾರೂ ಬರಲಿಲ್ಲ. ಕೆನಡಾದ ಲಾಕ್ ಮೆಗಾಂಟಿಕ್‌ನಲ್ಲಿ ಆ ದಯೆ ಇರಲಿಲ್ಲ. 2013ರ ಜುಲೈನಲ್ಲಿ ಕಚ್ಚಾತೈಲದ 72 ಟ್ಯಾಂಕರುಗಳ ಗಾಡಿ ರಾತ್ರಿ ಇಳಿಜಾರಿನಲ್ಲಿ ನಿಂತಿತ್ತು. ಹಾಕಿದ್ದ ಹ್ಯಾಂಡ್ ಬ್ರೇಕು ಏಳು, ಅವು ಸಾಲಲಿಲ್ಲ. ಗಾಡಿ ತಾನಾಗಿ ಉರುಳಿತು, 47 ಜನ ಸತ್ತರು. ಎರಡೂ ಕಡೆ ಸಿಬ್ಬಂದಿಯ ಮೇಲೆ ಕ್ರಮ ಜರುಗಿತು. ಹಳಿಯ ಮೇಲೆ ಯಾರೂ ಕ್ರಮ ಜರುಗಿಸುವುದಿಲ್ಲವಲ್ಲ.

ನಾನು ಕೇಳುತ್ತಾ ಬಂದದ್ದು ದೊಡ್ಡ ಯಂತ್ರವನ್ನಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಡೌಟಿ ಕಂಪನಿ ಒಂದು ಚಿಕ್ಕ ರಿಟಾರ್ಡರ್ ಮಾಡಿತು, 1965ರಲ್ಲಿ ಶೆಫೀಲ್ಡಿನ ಟಿನ್ಸ್‌ಲೀ ಯಾರ್ಡಿನಲ್ಲಿ ಸಾಲುಸಾಲಾಗಿ ಹಾಕಿದರು. ಹಳಿಯ ಒಳಮಗ್ಗುಲಿಗೆ ಬಿಗಿಯುವ ಎಣ್ಣೆಯ ಸಿಲಿಂಡರ್, ಮೇಲೆ ಅಣಬೆಯಂಥ ತಲೆ. ಗಾಲಿಯ ಅಂಚು ಆ ತಲೆಯನ್ನು ಒತ್ತಿಕೊಂಡು ಹೋಗುತ್ತದೆ. ನಿಧಾನವಾಗಿ ಒತ್ತಿದರೆ ಎಣ್ಣೆ ದಾರಿ ಬಿಡುತ್ತದೆ. ನಿಗದಿಗಿಂತ ವೇಗವಾಗಿ ಒತ್ತಿದರೆ ವಾಲ್ವ್ ಮುಚ್ಚಿ ಎಣ್ಣೆ ಎದುರು ನಿಲ್ಲುತ್ತದೆ, ಗಾಲಿಯ ವೇಗ ಕಳೆಯುತ್ತದೆ. ಕರೆಂಟು ಬೇಡ, ಕಂಪ್ರೆಸರ್ ಬೇಡ, ರಾತ್ರಿ ಪಾಳಿಗೆ ಆಳು ಬೇಡ. ಇದು ನಿಂತ ರೇಕನ್ನು ಹಿಡಿದಿಡುವುದಿಲ್ಲ, ನಿಜ. ಓಡಲು ಹೊರಟದ್ದನ್ನು ಓಡಗೊಡುವುದಿಲ್ಲ, ಅಷ್ಟೇ. ಹಿಡಿದಿಡಲು ಸ್ಪ್ರಿಂಗಿನ ಒತ್ತಡದಲ್ಲಿ ಗಾಲಿಯನ್ನು ಕಚ್ಚುವ ಇನ್ನೊಂದು ಬಗೆಯಿದೆ. ಅಮೆರಿಕದ ಯಾರ್ಡುಗಳಲ್ಲಿ ಲೈನಿನ ಕೊನೆಗೆ ಅದನ್ನು ಹಾಕಿರುತ್ತಾರೆ.

ಆ ಎಣ್ಣೆಯ ರಿಟಾರ್ಡರನ್ನು ರೇಕು ನಿಲ್ಲಿಸಿಡುವ ಒಂದೇ ಒಂದು ಸ್ಟೇಬ್ಲಿಂಗ್ ಲೈನಿನಲ್ಲಿ ಹಾಕಿ ನೋಡೋಣ ಎಂದು ನೌಕರಿಯಲ್ಲಿದ್ದಾಗ ಟಿಪ್ಪಣಿ ಕಳಿಸಿದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಹಳಿಗೆ ಬಿಗಿಯುವುದರಿಂದ ಇದು ಪಿ.ವೇ, ಅಂದರೆ ಹಳಿ ನೋಡಿಕೊಳ್ಳುವ ವಿಭಾಗದ ಕೆಲಸ ಎಂದರು ಸಿಗ್ನಲ್‌ನವರು. ಗಾಲಿಗೆ ತಾಗುವುದರಿಂದ ಸಿ ಆಂಡ್ ಡಬ್ಲ್ಯೂ, ಅಂದರೆ ಕ್ಯಾರೇಜ್ ಮತ್ತು ವ್ಯಾಗನ್ ವಿಭಾಗ ನೋಡಲಿ ಎಂದರು ಪಿ.ವೇಯವರು. ಉಕ್ಕಿನ ತೊಲೆಯ ರಿಟಾರ್ಡರನ್ನು ಸಿಗ್ನಲ್‌ನವರೇ ನೋಡಿಕೊಳ್ಳುತ್ತಿದ್ದರಲ್ಲ ಎಂದು ಸಿ ಆಂಡ್ ಡಬ್ಲ್ಯೂನವರು ಹಿಂದಕ್ಕೆ ತಳ್ಳಿದರು. ಆಪರೇಟಿಂಗ್‌ನವರು ಎರಡೇ ಸಾಲು ಬರೆದರು: ಇರುವ ನಿಯಮ ಸಾಕು, ಅದನ್ನು ಪಾಲಿಸಲು ಸಿಬ್ಬಂದಿಗೆ ತಿಳಿವಳಿಕೆ ಕೊಡಿ. ಲೆಕ್ಕಪತ್ರ ವಿಭಾಗ ಮಾತ್ರ ನ್ಯಾಯವಾದ ಪ್ರಶ್ನೆ ಕೇಳಿತು: ಖರ್ಚು ಯಾರ ಖಾತೆಗೆ? ಫೈಲು ಇನ್ನೂ ತಿರುಗುತ್ತಿರಬಹುದು. ಅದಕ್ಕಂತೂ ರಿಟಾರ್ಡರ್ ಬೇಕಾಗಿಲ್ಲ.

ಎರಡನೆಯ ಸಾಲಿನಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕೂತಿದ್ದಾರೆ. ಅವರಿಗೂ ನನಗೂ ಈ ವಿಷಯದಲ್ಲಿ ಮಾತು ಬಿಟ್ಟದ್ದೂ ಉಂಟು. ಸೀಲ್ ಹೋದರೆ ಎಣ್ಣೆ ಸೋರುತ್ತದೆ, ಎಂಜಿನ್ ಹಾದಾಗಲೂ ತಲೆ ಸವೆಯುತ್ತದೆ, ಸಾವಿರಾರು ಸಿಲಿಂಡರುಗಳನ್ನು ಯಾರು ತಪಾಸಣೆ ಮಾಡುತ್ತಾರೆ ಎಂದು ಅವರು ಕೇಳುತ್ತಾರೆ. ಸರಿಯಾದ ಮಾತೇ. ಟಿನ್ಸ್‌ಲೀಯ ಹಂಪ್ ಇಪ್ಪತ್ತು ವರ್ಷದೊಳಗೆ ಮುಚ್ಚಿತು ಎಂದೂ ನೆನಪಿಸುತ್ತಾರೆ. ಮುಚ್ಚಿದ್ದು ಬಿಡಿ ವ್ಯಾಗನ್ನಿನ ವ್ಯಾಪಾರ ಬಿದ್ದುಹೋಗಿ ಅಣ್ಣಾ, ಸಿಲಿಂಡರ್ ಕೆಟ್ಟು ಅಲ್ಲ. ಇದನ್ನು ನಾನು ಮೈಕಿನಲ್ಲಿ ಹೇಳಬೇಕೆಂದು ಬಹಳ ದಿನದಿಂದ ಕಾದಿದ್ದೆ.

ಇನ್ನು ಬೇಡಿಕೆಗಳು. 600ಕ್ಕೆ 1ಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಇಲ್ಲದೆ ರೇಕು ನಿಲ್ಲುವ ಲೈನುಗಳ ಪಟ್ಟಿ ವಿಭಾಗವಾರು ಆಗಬೇಕು, ಆರು ತಿಂಗಳಲ್ಲಿ. ಅವುಗಳಲ್ಲಿ ಒಂದು ಲೈನಿನ ಕೆಳಗಿನ 100 ಮೀಟರಿಗೆ ಎಣ್ಣೆಯ ರಿಟಾರ್ಡರ್ ಹಾಕಿ ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು. ಬಳ್ಳಾರಿ, ಹೊಸಪೇಟೆ ಸುತ್ತಿನ ಅದಿರು ಸೈಡಿಂಗುಗಳಲ್ಲಿ ಖಾಸಗಿಯವರೇ ಹಾಕಿಸಿಕೊಳ್ಳಲು ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು, ರೈಲ್ವೆಗೆ ಖರ್ಚಿಲ್ಲ. ನಿರ್ವಹಣೆ ಒಂದೇ ಇಲಾಖೆಯದಾಗಲಿ, ಯಾವುದಾದರೂ ಸರಿ, ಚೀಟಿ ಎತ್ತಿಯಾದರೂ ತೀರ್ಮಾನಿಸಿ. ಎಂಜಿನ್ ಬಿಚ್ಚಿದೊಡನೆ ತಾನಾಗಿ ಬಿಗಿಯುವ ಪಾರ್ಕಿಂಗ್ ಬ್ರೇಕು ಪ್ರತಿ ವ್ಯಾಗನ್ನಿಗೂ ಬರಲಿ ಎಂಬ ಆಸೆಯೂ ಇದೆ. ನಮ್ಮ ವರ್ಕ್‌ಶಾಪುಗಳಲ್ಲೇ ಈ ಸಿಲಿಂಡರ್ ತಯಾರಾಗಲಿ, ಪಾಯಿಂಟ್ಸ್‌ಮನ್ ಓದುವಂಥ ಕೈಪಿಡಿ ಕನ್ನಡದಲ್ಲಿ ಬರಲಿ, ಸ್ಕಿಡ್ಡಿಗೆ ಬೆರಳು ಕೊಟ್ಟವರ ಕಾಗದದಿಂದ 'ಸ್ವಂತ ಅಜಾಗರೂಕತೆ' ಎಂಬುದನ್ನು ತೆಗೆದುಹಾಕಲಿ. ಕೊನೆಯದು ನನ್ನ ಕಾಲದಲ್ಲಿ ಆಗುವುದಿಲ್ಲವೇನೋ. ಆದರೂ ನಿರ್ಣಯದಲ್ಲಿ ಸೇರಿಸಿದ್ದೇನೆ.

ನಿರ್ಣಯದ ಪ್ರತಿಗಳನ್ನು ಹುಡುಗರು ಹಂಚುತ್ತಿದ್ದಾರೆ. ತಿದ್ದುಪಡಿ ಇದ್ದವರು ಬರೆದು, ಸಹಿ ಮಾಡಿ, ಊಟಕ್ಕೆ ಏಳುವ ಮುಂಚೆ ಕಾರ್ಯದರ್ಶಿಗಳ ಕೈಗೆ ಕೊಡಿ. 'ಸಂಬಂಧಪಟ್ಟ ಇಲಾಖೆ ಪರಿಶೀಲಿಸಲಿ' ಎಂಬ ತಿದ್ದುಪಡಿಯನ್ನು ಮಾತ್ರ ನಾನು ಚರ್ಚೆಗೆ ತೆಗೆದುಕೊಳ್ಳುವುದಿಲ್ಲ.