ಮನೆಗೆ ಬಂದ ಗುರುಕುಲ

ವಿದ್ಯಾದಾನವೆಂಬ ಮಾತು ನಮಗೆ ಹಳೆಯದು. ಒಂದೇ ಪಾಠವು ಏಕಕಾಲಕ್ಕೆ ಲಕ್ಷಾಂತರ ಮಂದಿಯ ಮನೆ ಸೇರುವುದು ಹೊಸದು. 2012ರ ವಸಂತದಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ವಿದ್ಯುನ್ಮಂಡಲ ಹಾಗೂ ಇಲೆಕ್ಟ್ರಾನಿಕ್ಸ್ ಕುರಿತ ತನ್ನ ಪಾಠವನ್ನು ಅಂತರಜಾಲದಲ್ಲಿ ಶುಲ್ಕವಿಲ್ಲದೆ ತೆರೆದಿಟ್ಟಿತು. ಬೋಧಕರಲ್ಲಿ ಪ್ರಮುಖರು ನಮ್ಮ ಮಂಗಳೂರಿನಲ್ಲಿ ಬೆಳೆದ ಅನಂತ ಅಗರ್ವಾಲ್. ಹೆಸರು ಬರೆಸಿದವರು ಸುಮಾರು 1,55,000. ತೇರ್ಗಡೆಯಾದವರು ಸುಮಾರು 7,000. ನೂರಕ್ಕೆ ಐವರೂ ಇಲ್ಲ! ಕುತೂಹಲದಿಂದ ಇಣುಕಿ ಹೋದವರನ್ನೆಲ್ಲ ಸೋತವರೆನ್ನುವುದು ನ್ಯಾಯವಲ್ಲ, ನಿಜ. ಆದರೂ ಈ ಅಂತರ ಯೋಚನೆಗೆ ಹಚ್ಚುತ್ತದೆ.

ಪೂರ್ಣಾಂಕ ಗಳಿಸಿದ 340 ಮಂದಿಯಲ್ಲಿ ಮಂಗೋಲಿಯದ ಉಲಾನ್‌ಬಾತರಿನ 15 ವರ್ಷದ ಬಾಲಕನೊಬ್ಬನಿದ್ದ. ಜಗತ್ತು ಅವನ ಪ್ರತಿಭೆಯನ್ನು ಕೊಂಡಾಡಿತು, ಕೊಂಡಾಡತಕ್ಕದ್ದೇ. ಆದರೆ ಶ್ರೋತೃಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ಪಾಠವನ್ನು ಹುಡುಗರ ಮುಂದಿಟ್ಟವರು ಅವನ ಶಾಲೆಯ ಮುಖ್ಯೋಪಾಧ್ಯಾಯರು, ತಾವೇ ಆ ಸಂಸ್ಥೆಯಲ್ಲಿ ಓದಿ ಬಂದವರು. ಅಮೆರಿಕದಿಂದ ಅವರ ಸ್ನೇಹಿತರೊಬ್ಬರು ಪ್ರಯೋಗದ ಸಲಕರಣೆಗಳನ್ನು ಹೊತ್ತು ತಂದು, ಹುಡುಗರ ಕೈಯಿಂದಲೇ ಪ್ರಯೋಗ ಮಾಡಿಸಿದರು. ತೆರೆಯ ಮೇಲಿನ ಗುರುವಿಗೆ ಪಕ್ಕದಲ್ಲೊಬ್ಬ ಗುರುವಿನ ಆಸರೆ ದೊರೆಯಿತು.

ನಮ್ಮಲ್ಲಿ ಕೇಂದ್ರ ಸರ್ಕಾರ 2017ರಲ್ಲಿ ಇಂಥದೇ ವೇದಿಕೆ ತೆರೆದು ‘ಸ್ವಯಂ’ ಎಂದು ಹೆಸರಿಟ್ಟಿತು. ಹೆಸರೇನೋ ಸೊಗಸಾಗಿದೆ, ಎಲ್ಲವನ್ನೂ ಕಲಿಯುವವನ ತಲೆಗೇ ಕಟ್ಟಿಬಿಡುವ ಹೆಸರೂ ಹೌದು! ನನಗಂತೂ ತಾಲ್ಲೂಕು ಗ್ರಂಥಾಲಯದಲ್ಲಿ ಒಂದು ಮೇಜು, ಸಂಜೆ ಎರಡು ಗಂಟೆ ಅಲ್ಲಿ ಕುಳಿತು ಸಂದೇಹ ಬಿಡಿಸುವ ಒಬ್ಬ ಮೇಷ್ಟರು ಬೇಕೆನಿಸುತ್ತದೆ.