ಮೋಟಾರು ಕಂಪನಿಯ ನಷ್ಟದ ಸುದ್ದಿಯನ್ನು ರೈತ ಹೇಗೆ ಓದಬೇಕು?

(ಬೆಳಗಾವಿ ಮತ್ತು ಖಾನಾಪುರದ ರೈತ ಕಾರ್ಯಕರ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ಪೇಪರಿನಲ್ಲಿ ಮೋಟಾರು ಕಂಪನಿಯ ಲಾಭ-ನಷ್ಟದ ಸುದ್ದಿ ಬಂದರೆ ನೀವು ಪುಟ ತಿರುವುತ್ತೀರಿ. “ಅದು ಸಾಹುಕಾರರ ವಿಷಯ, ನಮಗೇನ್ರಿ?” ಅಂತೀರಿ. ಆದರೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು ವಾಹನಗಳ ಭಾಗಗಳನ್ನು ಎರಕ ಹೊಯ್ಯುತ್ತವೆ. ಖಾನಾಪುರ ಕಡೆಯ ಹಳ್ಳಿಗಳ ಹುಡುಗರು ಅಲ್ಲಿಗೆ ದುಡಿಯಲು ಹೋಗುತ್ತಾರೆ. ಲಾರಿ ಮಾರಾಟ ಕುಸಿದರೆ ಅವರ ಪಾಳಿಗೇ ಪೆಟ್ಟು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನೀವು ಕಬ್ಬಿನ ಬಿಲ್ಲು ಕೇಳಲು ಹೋದಾಗ ಸಕ್ಕರೆ ಕಾರ್ಖಾನೆಯವರು ಆಡುವುದೂ ಇದೇ ನಷ್ಟದ ಭಾಷೆ. ಅದನ್ನು ನಾವು ಕಲಿಯಲೇಬೇಕು.

ಟಾಟಾ ಮೋಟಾರ್ಸ್ ಉದಾಹರಣೆ ನೋಡ್ರಿ. ಧಾರವಾಡದ ಬಸ್ ಕಾರ್ಖಾನೆಯಿಂದಾಗಿ ನಮಗೆಲ್ಲ ಗೊತ್ತಿರುವ ಹೆಸರು. 2008ರಲ್ಲಿ ಈ ಕಂಪನಿ ಸಾಲ ಎತ್ತಿ, ಫೋರ್ಡ್ ಕೈಯಿಂದ ಇಂಗ್ಲೆಂಡಿನ ಜಾಗ್ವಾರ್ ಲ್ಯಾಂಡ್ ರೋವರನ್ನು 230 ಕೋಟಿ ಡಾಲರಿಗೆ ಕೊಂಡಿತು. 2008-09ರ ಲೆಕ್ಕ ಬಂದಾಗ ಒಂದು ಅಂಕಿ 1,001 ಕೋಟಿ ರೂಪಾಯಿ ಲಾಭ; ಇನ್ನೊಂದು ಅಂಕಿ 2,505 ಕೋಟಿ ನಷ್ಟ. ಎರಡೂ ಸುಳ್ಳಲ್ಲ. ಮೊದಲನೆಯದು ಭಾರತದ ಮೂಲ ಕಂಪನಿಯೊಂದರದೇ ಲೆಕ್ಕ, ಎರಡನೆಯದು ಅಂಗಸಂಸ್ಥೆಗಳೆಲ್ಲ ಕೂಡಿದ ಲೆಕ್ಕ. ಹಿರಿಯಣ್ಣನ ಪಾಲಿನ ಹೊಲದ ಬೆಳೆ ತೋರಿಸಿ ಇಡೀ ಮನೆತನ ಸುಖವಾಗಿದೆ ಎಂದರೆ ನಂಬುತ್ತೀರೇನು? ಆದ್ದರಿಂದ ಮೊದಲ ಪ್ರಶ್ನೆ: ಇದು ಯಾರ ಲೆಕ್ಕ? 2025ರಲ್ಲಿ ಲಾರಿ-ಬಸ್ಸಿನ ವ್ಯವಹಾರ, ಕಾರಿನ ವ್ಯವಹಾರ ಬೇರೆ ಬೇರೆ ಕಂಪನಿಗಳಾದವು. ಈ ಪ್ರಶ್ನೆ ಈಗ ಇನ್ನೂ ಮುಖ್ಯ.

2019ರ ಫೆಬ್ರವರಿಯಲ್ಲಿ ಇದೇ ಕಂಪನಿ ಮೂರೇ ತಿಂಗಳಲ್ಲಿ ಸುಮಾರು 27 ಸಾವಿರ ಕೋಟಿ ನಷ್ಟ ತೋರಿಸಿತು. ದೇಶದಲ್ಲೇ ದೊಡ್ಡ ನಷ್ಟ ಎಂದು ಪತ್ರಿಕೆಗಳು ಬರೆದವು, ಷೇರು ಕುಸಿಯಿತು. ಅಷ್ಟು ದುಡ್ಡು ಆ ಮೂರು ತಿಂಗಳಲ್ಲಿ ಪೆಟ್ಟಿಗೆಯಿಂದ ಹೋಯಿತೇ? ಇಲ್ಲ. ಜಾಗ್ವಾರ್ ಲ್ಯಾಂಡ್ ರೋವರಿನ ಆಸ್ತಿಯ ಬೆಲೆಯನ್ನು ಪುಸ್ತಕದಲ್ಲಿ ಇಳಿಸಿ ಬರೆದದ್ದರಿಂದಲೇ ಅಂಕಿ ಅಷ್ಟು ಬೆಳೆಯಿತು. ನಿಮ್ಮ ಬೋರು ಬತ್ತಿದ ಹಾಗೆ. ದುಡ್ಡು ಹೋದದ್ದು ಕೊರೆಸಿದ ವರ್ಷ. ಇನ್ನು ನೀರು ಬರದು ಎಂದು ಒಪ್ಪಿಕೊಂಡದ್ದು ಈ ವರ್ಷ. ಹಾಗಂತ ಅದು ಸುಳ್ಳು ನಷ್ಟವೂ ಅಲ್ಲ. ಬೋರಿಗೆ ಮಾಡಿದ ಸಾಲದ ಕಂತು ಬತ್ತುವುದಿಲ್ಲ. ಮುಂದೆ 2023-24ರಲ್ಲಿ ಇದೇ ಕಂಪನಿ 31 ಸಾವಿರ ಕೋಟಿಗೂ ಮೇಲೆ ಲಾಭ ತೋರಿಸಿತು. ಒಂದು ತ್ರೈಮಾಸಿಕದ ಅಂಕಿ ನೋಡಿ ತಿಥಿ ಮಾಡುವವರನ್ನೂ ನಂಬಬೇಡಿ, ಜೈಕಾರ ಹಾಕುವವರನ್ನೂ ನಂಬಬೇಡಿ.

ಹಾಗಾದರೆ ಕೇಳಬೇಕಾದ್ದೇನು? ವ್ಯಾಪಾರದಿಂದ ರೊಕ್ಕ ಎಷ್ಟು ಬಂತು? ಸಾಲ ಎಷ್ಟು, ಯಾವಾಗ ತೀರಿಸಬೇಕು? ಮಾಲು ಕೊಟ್ಟವರಿಗೆ ಹಣ ಹೊತ್ತಿಗೆ ಸರಿಯಾಗಿ ಸಂದಿದೆಯೇ? ಕಂಪನಿಯ ಆರೋಗ್ಯ ಇಲ್ಲಿ ಗೊತ್ತಾಗುತ್ತದೆ. ಇಷ್ಟು ಹೇಳದ ಸುದ್ದಿ ಅರ್ಧ ಸುದ್ದಿ. ಕಂಪನಿ ಹಳೆ ಸಾಲಕ್ಕೆ ಹೊಸ ಸಾಲ ಎತ್ತಿದರೆ ಪತ್ರಿಕೆ ಅದನ್ನು ಜಾಣತನ ಎನ್ನುತ್ತದೆ. ನೀವು ಮಾರ್ಚಿನಲ್ಲಿ ಸೊಸೈಟಿ ಸಾಲ ತಿರುವಿ ಹಾಕಿದರೆ ಸುಸ್ತಿದಾರ ಎಂಬ ಮಾತು! ಇದನ್ನೂ ಗಮನಿಸಿ.

ಇದೇ ಪ್ರಶ್ನೆಗಳನ್ನು ಸಕ್ಕರೆ ಕಾರ್ಖಾನೆಗೂ ಹಾಕಿ. “ನಷ್ಟದಲ್ಲಿದ್ದೇವೆ, ತಡೀರಿ” ಎಂದರೆ, ಯಾವ ನಷ್ಟ, ರೊಕ್ಕದ್ದೋ ಪುಸ್ತಕದ್ದೋ ಎಂದು ಕೇಳಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಲಿಖಿತ ಒಪ್ಪಂದ ಇಲ್ಲದಿದ್ದರೆ, ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಕಾರ್ಖಾನೆಗೆ ಲಾಭವಾದರೆ ಮಾತ್ರ ಕೊಡಿ ಎಂದು ಅದರಲ್ಲಿ ಬರೆದಿಲ್ಲ. ಆದ್ದರಿಂದ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ನಮ್ಮ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆಯಂತೆ. ಅವರ ಲೆಕ್ಕ ಕೇಳುವುದನ್ನು ನಾವೂ ಕಲಿಯೋಣ.