ಹಳೆಯ ಅರಿವೆಯ ಮುಂದಿನ ದಾರಿ



ಹಳೆಯ ಬಟ್ಟೆ ಇಲ್ಲದ ಮನೆ ಇಲ್ಲ. ಟ್ರಂಕಿನ ತಳದಲ್ಲಿ, ಅಟ್ಟದ ಮೇಲಿನ ಗಂಟಿನಲ್ಲಿ, ಕಪಾಟಿನ ಕೆಳಗಿನ ಖಾನೆಯಲ್ಲಿ ಅದು ಇದ್ದೇ ಇರುತ್ತದೆ. ಒಡಲು ಸವೆದು ಸೆರಗು ಮಾತ್ರ ಗಟ್ಟಿಯಾಗಿ ಉಳಿದ ಇಳಕಲ್ ಸೀರೆ, ನಡುವೆ ಹಿಂಜಿದ ಧೋತರ, ಕುಪ್ಪಸ ಹೊಲಿಸಿದ ಮೇಲೆ ಮಿಕ್ಕ ಖಣದ ತುಂಡು, ಮಗುವಿಗೆ ಚಿಕ್ಕದಾದ ಅಂಗಿ. ಎಸೆಯಲು ಮನಸ್ಸು ಬಾರದು, ಉಡಲು ಆಗದು. ಇದರಿಂದ ಏನು ಮಾಡೋಣ ಎಂಬ ಪ್ರಶ್ನೆ ಹೊಸದಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತಲೆತಲಾಂತರದಿಂದ ಅದಕ್ಕೆ ಕೊಟ್ಟುಕೊಂಡು ಬಂದ ಉತ್ತರವೇ ಕೌದಿ.

ಕೌದಿಯ ರಚನೆ ಸರಳ. ಕೆಳಗೆ ಒಂದು ಅಖಂಡ ಸೀರೆ ಹಾಸಬೇಕು. ಅದರ ಮೇಲೆ ಮೆತ್ತಗಾದ ಹಳೆಯ ಅರಿವೆಗಳನ್ನು ಪದರ ಪದರವಾಗಿ ಹರಡಬೇಕು. ಎಲ್ಲಕ್ಕಿಂತ ಮೇಲೆ ಮತ್ತೊಂದು ಸೀರೆ, ಇಲ್ಲವೇ ಬಣ್ಣಬಣ್ಣದ ತುಂಡುಗಳ ಜೋಡಣೆ. ಬಳಿಕ ಅಂಚಿನಿಂದ ಆರಂಭಿಸಿ ಒಳಮುಖವಾಗಿ ದಪ್ಪ ದಾರದಿಂದ ಸಾಲು ಸಾಲಾಗಿ ಹೊಲಿಗೆ ಹಾಕುತ್ತ ಹೋಗುವುದು. ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ಬೇಸಿಗೆಯಲ್ಲಿ ಅಕ್ಕಪಕ್ಕದ ನಾಲ್ಕು ಹೆಂಗಸರು ಕೂಡಿ ಕುಳಿತರೆ, ಮಾತಿನ ಜೊತೆಗೆ ಹೊಲಿಗೆಯೂ ಸಾಗುತ್ತದೆ.

ಮೇಲುನೋಟಕ್ಕೆ ಇದು ಚಿಂದಿಗಳ ರಾಶಿ. ಆದರೆ ಅದರ ಹಿಂದೆ ಒಂದು ಖಚಿತ ಲೆಕ್ಕವಿದೆ. ಕೌದಿ ಹೊಲಿಯುವವಳು ಮೊದಲು ಚಿತ್ರ ಬರೆದು ಆಮೇಲೆ ಬಟ್ಟೆ ತರಲು ಹೋಗುವುದಿಲ್ಲ. ಮನೆಯಲ್ಲಿರುವ ಬಟ್ಟೆಯನ್ನು ನೆಲದ ಮೇಲೆ ಹರಡಿ, ಕೈಯಿಂದ ಮುಟ್ಟಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಗಟ್ಟಿ ಇರುವುದು ಮೇಲಕ್ಕೆ, ಸವೆದದ್ದು ಒಳಕ್ಕೆ, ಸೀರೆಯ ದಡಿ ಅಂಚಿಗೆ. ಹತ್ತಿಯ ಬಟ್ಟೆ ಹಾಸಲು ಹೊದೆಯಲು. ತೀರ ಮೆತ್ತಗಿನ ಧೋತರ ಬಾಣಂತಿ ಮನೆಯ ಕೂಸಿನ ಪುಟ್ಟ ಕೌದಿಗೆ. ಖಣದ ತುಂಡುಗಳು ಚಿಕ್ಕವಾದರೂ ಹೊಳಪಿನವು. ಅವು ಕೂಸಿನ ಕುಂಚಿಗೆಗೆ, ಎಲೆಅಡಿಕೆಯ ಸಂಚಿಗೆ. ಇನ್ನೂ ಕೆಳಗಿನ ದರ್ಜೆಯವು ಕೊಡ ಹೊರುವ ತಲೆಯ ಸಿಂಬೆಗೆ, ಒಲೆಯ ಬಳಿಯ ಮಸಿಅರಿವೆಗೆ. ಏನು ಮಾಡಬೇಕೆಂಬುದನ್ನು ಬಟ್ಟೆಯ ಗುಣವೇ ತೀರ್ಮಾನಿಸುತ್ತದೆ.

ಈ ಲೆಕ್ಕಕ್ಕೆ ಬಹಳ ಹಿಂದಿನ ದಾಖಲೆಯೊಂದು ಬೌದ್ಧರ ವಿನಯಪಿಟಕದಲ್ಲಿ ಸಿಗುತ್ತದೆ. ಕೌಶಾಂಬಿಯ ಅರಸ ಉದಯನನ ರಾಣಿವಾಸದವರು ಆನಂದನಿಗೆ ಐನೂರು ವಸ್ತ್ರಗಳನ್ನು ದಾನ ಮಾಡಿದರು. ಸಂನ್ಯಾಸಿಗೆ ಇಷ್ಟೊಂದು ಬಟ್ಟೆ ಏಕೆ, ಈತನೇನು ಅಂಗಡಿ ಇಡುತ್ತಾನೆಯೇ ಎಂದು ಅರಸನಿಗೆ ಸಂಶಯ. ಹೋಗಿ ಕೇಳಿದ. ಚೀವರ ಹರಿದ ಭಿಕ್ಷುಗಳಿಗೆ ಹಂಚುವೆ ಎಂದ ಆನಂದ. ಹಳೆಯ ಚೀವರವನ್ನು ಏನು ಮಾಡುವಿರಿ? ಹಾಸಿಗೆಯ ಮೇಲುಹೊದಿಕೆ. ಅದು ಹಳತಾದರೆ? ಹಾಸಿಗೆಯ ಗವಸು. ಆಮೇಲೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳು ಒರೆಸುವ ಬಟ್ಟೆ. ಕಟ್ಟಕಡೆಗೆ ಅದನ್ನು ಕತ್ತರಿಸಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂಬ ಉತ್ತರ ಬಂತು. ಯಾವುದೂ ವ್ಯರ್ಥವಾಗುವುದಿಲ್ಲವೆಂದು ಸಂತೋಷಪಟ್ಟ ಅರಸ ಮತ್ತೆ ಐನೂರು ವಸ್ತ್ರಗಳನ್ನು ಕೊಟ್ಟ. ಭಿಕ್ಷುಗಳ ಚೀವರವೂ ತುಂಡುಗಳನ್ನು ಜೋಡಿಸಿ ಹೊಲಿದದ್ದೇ. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಆ ಮಾದರಿಯಲ್ಲಿ ಹೊಲಿಯುವಂತೆ ಬುದ್ಧನು ಆನಂದನಿಗೆ ಸೂಚಿಸಿದನೆಂದು ಅದೇ ಪಿಟಕ ಹೇಳುತ್ತದೆ.

ಹೀಗೆ ಹಳತನ್ನು ಜೋಡಿಸುವ ಕಲೆ ದೇಶದ ಉದ್ದಗಲಕ್ಕೂ ಇದೆ. ಮರಾಠಿಯಲ್ಲಿ ಅದು ಗೋಧಡಿ, ಬಿಹಾರದಲ್ಲಿ ಸುಜನಿ, ಬಂಗಾಳದಲ್ಲಿ ಕಾಂಥಾ. ಬಂಗಾಳದ ಹೆಂಗಸರು ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಬಿಡಿಸಿಕೊಂಡು ಕಸೂತಿ ಹಾಕುತ್ತಿದ್ದರು; ದಾರಕ್ಕೂ ದುಡ್ಡು ಕೊಡುತ್ತಿರಲಿಲ್ಲ. ಕನ್ನಡದಲ್ಲಿಯೂ ಕೌದಿಯ ಜೊತೆಗೆ ಬೊಂತೆ, ಕಂಥೆ ಎಂಬ ಹಳೆಯ ಮಾತುಗಳಿವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳನ್ನು ಬೇರೆಯಾಗಿಯೇ ನೋಡಬೇಕು. ಆಫ್ರಿಕ ಮೂಲದ ಈ ಜನ ಶತಮಾನಗಳಿಂದ ಇಲ್ಲಿನ ಕಾಡಿನ ನಡುವೆ ನೆಲೆಸಿದವರು. ಅವರು ಅಂಚಿನಿಂದ ತುಂಡುಗಳನ್ನು ಕೂಡಿಸುತ್ತ ಸುತ್ತಿ ಸುತ್ತಿ ನಡುಮಧ್ಯಕ್ಕೆ ಬರುತ್ತಾರೆ. ಮೊದಲೇ ಅಳತೆ ಮಾಡಿ ಕತ್ತರಿಸಿಡುವ ರೂಢಿಯಿಲ್ಲ. ಕೈಗೆ ಸಿಕ್ಕ ತುಂಡನ್ನು ಪಕ್ಕದ ಬಣ್ಣಕ್ಕೆ ಹೊಂದಿಸಿ ಮಡಿಸಿ ಹೊಲಿದುಬಿಡುವುದು. ಕೊನೆಗೆ ನಾಲ್ಕು ಮೂಲೆಗಳಲ್ಲಿ ಮುಕ್ಕೋನದ ಮಡಿಕೆಗಳನ್ನಿಡುತ್ತಾರೆ. ಅವಕ್ಕೆ ಫೂಲ, ಅಂದರೆ ಹೂವು ಎಂದು ಹೆಸರು. ಹೊದಿಕೆಯ ಬಿಸುಪಿಗೆ ಆ ಹೂವಿನಿಂದ ಏನೂ ಲಾಭವಿಲ್ಲ. ಆದರೂ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ಣವಾಗದು. ಬಡತನ ಅಂದವನ್ನು ಮರೆಸುತ್ತದೆ ಎನ್ನುವವರು ಈ ಮೂಲೆಗಳನ್ನು ನೋಡಬೇಕು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯೊಂದು ಬಳಸಿ ಹರಿಯುವ ಜೀಸ್ ಬೆಂಡ್ ಎಂಬ ಊರಿದೆ. ಹಿಂದೆ ಗುಲಾಮರಾಗಿದ್ದವರ ಸಂತತಿಯ ಕರಿಯ ಹೆಂಗಸರು ಅಲ್ಲಿ ಹೊಲದ ಕೆಲಸದ ಹರಕು ಬಟ್ಟೆಗಳಿಂದ ಕೌದಿ ಹೊಲಿದರು. ಗಂಡನನ್ನು ಕಳೆದುಕೊಂಡ ಮಿಸ್ಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ಅವನ ದುಡಿಮೆಯ ಅಂಗಿ ಷರಾಯಿಗಳನ್ನೇ ಬಿಚ್ಚಿ ಕೌದಿ ಮಾಡಿ ಹೊದ್ದಳು. 2002ರಲ್ಲಿ ಈ ಊರಿನ ಕೌದಿಗಳು ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದ ಗೋಡೆ ಏರಿದವು. 2006ರಲ್ಲಿ ಆ ದೇಶದ ಅಂಚೆಚೀಟಿಗಳ ಮೇಲೆ ಬಂದವು. ಸತ್ತವರ ಬಟ್ಟೆಯನ್ನು ಏನು ಮಾಡಬೇಕೆಂದು ತಿಳಿಯದೆ ವರ್ಷಗಟ್ಟಲೆ ಗಂಟು ಕಟ್ಟಿಟ್ಟವರು ನಮ್ಮಲ್ಲೂ ಉಂಟು. ಅವ್ವನ ಸೀರೆಯ ಕೌದಿ ಹೊದ್ದು ಮಲಗಿದವರಿಗೆ ಆ ಅಲಬಾಮಾದ ಹೆಂಗಸಿನ ಮನಸ್ಸು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಕೌದಿಗೆ ಕುತ್ತು ಬಂದಿರುವುದು ಎರಡು ಕಡೆಯಿಂದ. ಒಂದು, ಬಟ್ಟೆಯೇ ಬದಲಾಗಿದೆ. ಹತ್ತಿ ಸವೆದಂತೆ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ. ಪಾಲಿಯೆಸ್ಟರ್ ಹೀರುವುದಿಲ್ಲ, ಒಳಪದರದಲ್ಲಿ ಜಾರುತ್ತದೆ, ಹೊದ್ದರೆ ಸೆಕೆ. ಇನ್ನೊಂದು, ಗಿರಣಿಯ ಹೊದಿಕೆ ಅಗ್ಗವಾಗಿದೆ, ಹಳೆಯ ಸೀರೆಗೆ ಸ್ಟೀಲು ಪಾತ್ರೆ ಕೊಡುವವರು ಬಾಗಿಲಿಗೇ ಬರುತ್ತಾರೆ. ಬಟ್ಟೆ ಪಾತ್ರೆಯಾಗುವುದು ತಪ್ಪೇನಲ್ಲ. ಆದರೆ ಬಟ್ಟೆಯನ್ನು ಮುಟ್ಟಿ ಅದರ ಮುಂದಿನ ಉಪಯೋಗ ಹೇಳಬಲ್ಲ ಕೈಗಳು ಕಡಿಮೆಯಾಗುತ್ತಿರುವುದು ನಷ್ಟ. ಆ ತಿಳಿವಳಿಕೆ ಪುಸ್ತಕದಿಂದ ಬರುವುದಲ್ಲ, ಪಕ್ಕದಲ್ಲಿ ಕುಳಿತು ಕಲಿಯುವಂಥದು.

ಮನೆಯಲ್ಲಿ ಆರಂಭಿಸುವವರು ಇಷ್ಟು ಮಾಡಬಹುದು. ಇರುವ ಬಟ್ಟೆಯನ್ನೆಲ್ಲ ಹೊರಗೆ ತೆಗೆದು ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಎಂದು ಬೇರ್ಪಡಿಸಿ. ಹೊಸ ತುಂಡುಗಳಿದ್ದರೆ ನೆನೆಹಾಕಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಅವು ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಬಣ್ಣ ಬಿಡುವುದನ್ನು ಹೊರಗಿಡಿ. ಹತ್ತಿ ಹೆಚ್ಚಿದ್ದರೆ ಕೌದಿ, ಸ್ವಲ್ಪವೇ ಇದ್ದರೆ ಕೂಸಿನ ಹಾಸು ಅಥವಾ ದಿಂಬಿನ ಗವಸು. ರೇಷ್ಮೆಯ ತುಂಡು ಸಂಚಿಗೆ, ಪೆಟ್ಟಿಗೆಯ ಮುಸುಕಿಗೆ. ಪಾಲಿಯೆಸ್ಟರ್ ಕೈಚೀಲಕ್ಕೆ, ಕಾಲೊರಸಿಗೆ. ಮೊದಲ ಕೆಲಸ ಚಿಕ್ಕದಿರಲಿ.

ಸ್ವತಃ ಹೊಲಿಯಲು ಆಗದವರು ಹೊಲಿಸಬಹುದು. ಆಗ ಕೂಲಿಯ ಮಾತು ಬರುತ್ತದೆ. ಬಟ್ಟೆ ಹಳತೆಂದು ದುಡಿಮೆಯೂ ಅಗ್ಗವಾಗಬಾರದು. ಪೂರ್ಣ ಅಳತೆಯ ಕೌದಿಯೊಂದು ಹಲವು ದಿನಗಳ ಕೈಕೆಲಸ. ಅಷ್ಟೂ ಹೊತ್ತು ಬೆನ್ನು ಬಗ್ಗಿರಬೇಕು, ಕಣ್ಣು ನೆಟ್ಟಿರಬೇಕು. ಬೆಲೆ ಚೌಕಾಸಿ ಮಾಡುವ ಮೊದಲು ಒಂದು ಸಾಲಿನ ಹೊಲಿಗೆಗಳನ್ನು ಎಣಿಸಿ, ಸಾಲುಗಳೆಷ್ಟೆಂದು ನೋಡಿದರೆ ಸಾಕು, ಎಷ್ಟು ಕೊಡಬೇಕೆಂಬುದು ತಾನೇ ತಿಳಿಯುತ್ತದೆ.

ಬರುವ ಬೇಸಿಗೆಯಲ್ಲಿ ಟ್ರಂಕು ತೆರೆಯುವಾಗ ಮನೆಯ ಹಿರಿಯ ಹೆಣ್ಣುಮಗಳೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಯಾವ ಸೀರೆ ಯಾರದು, ಯಾವ ಮದುವೆಯದು ಎಂದು ಅವರು ಹೇಳುತ್ತಾರೆ. ಅದನ್ನು ಏನು ಮಾಡಬೇಕೆಂಬುದನ್ನೂ ಅವರೇ ಹೇಳುತ್ತಾರೆ.